ಮಂಗಳವಾರ ಹನ್ನೊಂದು ಗಂಟೆಗೆ ಜನ ಬೇಕು

ಬೆಂಗಳೂರಿನ ಕಂಪನಿಗಳ ಸಿಎಸ್‌ಆರ್ (ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ) ಸಮಿತಿಯ ಸದಸ್ಯರಿಗೆ ಮತ್ತು ಉದ್ಯೋಗಿಗಳ ಸ್ವಯಂಸೇವೆಯ ಹೊಣೆ ಹೊತ್ತ ಎಚ್‌ಆರ್ ವಿಭಾಗದವರಿಗೆ,

ನಮಸ್ಕಾರ.

ಸುಸ್ಥಿರ ಅಭಿವೃದ್ಧಿಗಾಗಿ ದುಡಿಯುವ ಸ್ವಯಂಸೇವಕರ ಅಂತರರಾಷ್ಟ್ರೀಯ ವರ್ಷವೆಂದು 2026 ಅನ್ನು ವಿಶ್ವಸಂಸ್ಥೆ ಸಾರಿದೆ. ಸ್ವಯಂಸೇವೆಗೆಂದೇ ಸಂಬಳ ಸಹಿತ ರಜೆ ಕೊಡುವ ಕಂಪನಿಗಳು ಈಗ ಹಲವು. ಯಾರು ಎಷ್ಟು ಗಂಟೆ ಕೆಲಸ ಮಾಡಿದರು ಎಂದು ಆ್ಯಪ್‌ನಲ್ಲಿ ಲೆಕ್ಕ ಇಡುತ್ತೀರಿ, ಆ ಗಂಟೆಗಳು ವಾರ್ಷಿಕ ವರದಿಗೂ ಹೋಗುತ್ತವೆ. ನಿಮ್ಮಲ್ಲಿಂದ ಬರುವ ಹುಡುಗ ಹುಡುಗಿಯರಿಗೆ ನಿಜವಾಗಿಯೂ ಏನಾದರೂ ಮಾಡಬೇಕೆಂಬ ಆಸೆ ಇರುತ್ತದೆ. ಅದರಲ್ಲಿ ನಮಗೆ ಯಾವ ಅನುಮಾನವೂ ಇಲ್ಲ. ಆದರೆ ಅವರು ಬರುವ ದಿನ, ಬರುವ ಸಂಖ್ಯೆ, ಅವರ ಜೊತೆ ಬರುವ ದುಡ್ಡಿನ ಷರತ್ತು ಈ ಮೂರೂ ಶಾಲೆ, ಕೆರೆಗಳಲ್ಲಿ ದುಡಿಯುವ ನಮ್ಮಂಥ ಸಣ್ಣ ಸಂಸ್ಥೆಗಳ ಕೆಲಸಕ್ಕೆ ಕೂಡಿಬರುತ್ತಿಲ್ಲ. ಎಲ್ಲಿ ಕೂಡಿಬರುತ್ತಿಲ್ಲ, ಏನು ಮಾಡಿದರೆ ಕೂಡಿಬಂದೀತು ಎಂಬುದನ್ನು ಬಿಡಿಸಿ ಹೇಳಲು ಈ ಪತ್ರ.

ಮೊದಲು ಕ್ಯಾಲೆಂಡರ್ ನೋಡೋಣ. ನಿಮ್ಮ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದಕ್ಕೇ ಜನವರಿ ಬಂತೆಂದರೆ ಫೋನುಗಳು ಶುರುವಾಗುತ್ತವೆ. ದುಡ್ಡು ಖರ್ಚಾಗಬೇಕು, ಉದ್ಯೋಗಿಗಳ ಗಂಟೆಗಳೂ ತುಂಬಬೇಕು. ಸರ್ಕಾರಿ ಶಾಲೆಯ ವರ್ಷದ ನಡಿಗೆಯೇ ಬೇರೆ. ಮೇ ಕೊನೆಗೆ ಬಾಗಿಲು ತೆರೆಯುತ್ತದೆ, ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆ. ಫೆಬ್ರವರಿ ಮಾರ್ಚ್ ಎಂದರೆ ಪುನರಾವರ್ತನೆ, ಪರೀಕ್ಷೆ, ಮೌಲ್ಯಮಾಪನ. ಮುಖ್ಯ ಶಿಕ್ಷಕರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಆ ತಿಂಗಳಲ್ಲಿ ಮಕ್ಕಳ ಜೊತೆ ಆಟ ಆಡಿಸಲು ಇನ್ನೂರು ಜನ ಬರುತ್ತೇವೆಂದರೆ ಅವರು ಇಲ್ಲ ಎನ್ನಲಾರರು, ಹ್ಞೂ ಎನ್ನಲೂ ಆರರು. ಕೊಡುಗೆಯ ಹಬ್ಬವೆಂದು ದೇಶದಲ್ಲೆಲ್ಲ ಆಚರಿಸುವ, ಅಕ್ಟೋಬರ್ 2ರಿಂದ 8ರವರೆಗಿನ ದಾನ್ ಉತ್ಸವದ ವಾರದ್ದೂ ಇದೇ ಕಥೆ. ದೇಶದ ಲೆಕ್ಕಕ್ಕೆ ಆ ವಾರ ಸರಿ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಆಗ ದಸರಾ ರಜೆ. 2024ರಲ್ಲಿ ಅಕ್ಟೋಬರ್ 3ರಿಂದ 20ರವರೆಗೆ ಶಾಲೆಗಳಿಗೆ ಬೀಗ. ನಿಮ್ಮ ಕೇಂದ್ರ ಕಚೇರಿ ಮುಂಬೈಯಲ್ಲೋ ಗುರುಗ್ರಾಮದಲ್ಲೋ ಕೂತು ಯೋಜನೆ ಹಾಕುವಾಗ ಈ ರಜೆ ಅವರ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿರುವ ನೀವೇ ಹೇಳಬೇಕು. ಶಾಲೆಯ ಕೆಲಸಕ್ಕೆ ಒಳ್ಳೆಯ ಕಾಲ ಎರಡು: ಜೂನ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರ, ಆಮೇಲೆ ನವೆಂಬರ್‌ನಿಂದ ಜನವರಿ. ಶನಿವಾರ ಬೆಳಿಗ್ಗೆ ಸರ್ಕಾರಿ ಶಾಲೆಗಳಲ್ಲಿ ಪಾಠ ನಡೆಯುತ್ತದೆ ಎನ್ನುವುದನ್ನೂ ನೆನಪಿಡಿ. ಬೆಳಿಗ್ಗೆ ಹತ್ತಕ್ಕೆ ಆರು ಬಸ್ಸು ಗೇಟಿನ ಮುಂದೆ ನಿಂತರೆ ಆ ದಿನದ ಪಾಠ ಮುಗಿದ ಹಾಗೆಯೇ.

ಇನ್ನು ಗೋಡೆಗೆ ಬಣ್ಣ. ಕಂಪನಿಗಳು ಎಲ್ಲಕ್ಕಿಂತ ಹೆಚ್ಚು ಕೇಳುವ ಕೆಲಸ ಇದು, ಎಲ್ಲಕ್ಕಿಂತ ಹೆಚ್ಚು ಕೆಡುವುದೂ ಇದೇ. ಒಂದು ಮಾಮೂಲಿ ತರಗತಿ ಕೋಣೆ ತೆಗೆದುಕೊಳ್ಳಿ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ. ನಾಲ್ಕು ಗೋಡೆ ಸೇರಿ 800 ಚದರ ಅಡಿ. ಬಾಗಿಲು, ಕಿಟಕಿ, ಕರಿಹಲಗೆ ಬಿಟ್ಟರೆ ಸುಮಾರು 650. ಹಳೆಯ ಶಾಲೆಗಳ ಗೋಡೆಗೆ ವರ್ಷಗಟ್ಟಲೆ ಸುಣ್ಣ ಬಳಿದಿರುತ್ತಾರೆ. ಅಂಗೈಯಿಂದ ಒರೆಸಿ ನೋಡಿ, ಬಿಳಿ ಪುಡಿ ಹತ್ತುತ್ತದೆ. ಆ ಪುಡಿಯ ಮೇಲೆ ಎಮಲ್ಷನ್ ಬಳಿದರೆ ಬಣ್ಣ ಹಿಡಿಯುವುದು ಪುಡಿಯನ್ನೇ ಹೊರತು ಗೋಡೆಯನ್ನಲ್ಲ. ಆರು ತಿಂಗಳಲ್ಲಿ ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಆದ್ದರಿಂದ ಮೊದಲು ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಒಣಗಲು ಬಿಡಬೇಕು. ಬಿರುಕಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜಬೇಕು. ಆಮೇಲೆ ಒಂದು ಕೋಟ್ ಪ್ರೈಮರ್. ಲೀಟರಿಗೆ ಸುಮಾರು 100 ಚದರ ಅಡಿ ಹಿಡಿದರೆ ಆರೂವರೆ ಲೀಟರ್. ರಾತ್ರಿಯಿಡೀ ಒಣಗಬೇಕು. ಮರುದಿನ ಎಮಲ್ಷನ್ ಎರಡು ಕೋಟ್, ನಡುವೆ ನಾಲ್ಕು ಗಂಟೆಯ ಬಿಡುವು. ಎರಡೂ ಕೋಟಿಗೆ ಸೇರಿ ಸುಮಾರು 11 ಲೀಟರ್. ಕೆಲಸ ಬಲ್ಲ ಇಬ್ಬರು ಪೇಂಟರ್‌ಗಳು, ಒಬ್ಬ ಸಹಾಯಕ ಮೂರು ದಿನದಲ್ಲಿ ಚೊಕ್ಕಟವಾಗಿ ಮುಗಿಸುತ್ತಾರೆ.

ಇದೇ ಕೋಣೆಗೆ 40 ಜನ ಬಂದರೆ ಒಮ್ಮೆಗೆ ಕೈ ಆಡಿಸಲು ಜಾಗ ಇರುವುದು ಐದಾರು ಮಂದಿಗೆ. ನಾಲ್ಕು ಗಂಟೆಯಲ್ಲಿ ಮುಗಿಯಬೇಕೆಂದು ಉಜ್ಜುವುದನ್ನು ಬಿಡುತ್ತಾರೆ, ಪ್ರೈಮರ್ ಒಣಗುವ ಮೊದಲೇ ಬಣ್ಣ ಬೀಳುತ್ತದೆ. ಕಿಟಕಿ ಸರಳು, ಸ್ವಿಚ್ ಬೋರ್ಡು, ನೆಲ, ಕರಿಹಲಗೆ ಎಲ್ಲದರ ಮೇಲೂ ಚೆಲ್ಲುತ್ತದೆ. ಅದನ್ನು ಸೋಮವಾರ ಕೆರೆಯುವವರು ಅಡುಗೆಯವರು ಇಲ್ಲವೇ ಏಳನೇ ತರಗತಿಯ ಮಕ್ಕಳು. ಮಾಳಿಗೆ ಸೋರುವ ಕೋಣೆಯಾದರಂತೂ ಇಷ್ಟೂ ಖರ್ಚು ಒಂದು ಮಳೆಗಾಲದ ಮಟ್ಟಿಗೆ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಮಾಳಿಗೆಯ ಸೋರಿಕೆ ನಿಲ್ಲಿಸಲು ದುಡ್ಡು ಕೊಡಿ. ಗೋಡೆಯ ತಳಕೆಲಸ ಮತ್ತು ಬಣ್ಣವನ್ನು ಊರಿನ ಪೇಂಟರ್‌ಗಳಿಗೆ ಕೂಲಿ ಕೊಟ್ಟು ಮಾಡಿಸಿ. ಗೋಡೆ ಸಿದ್ಧವಾದ ಮೇಲೆ ಕಲಿಕೆಗೆ ಬೇಕಾದ ಚಿತ್ರ, ಕಾಗುಣಿತ, ಜಿಲ್ಲೆಯ ನಕ್ಷೆ ಬಿಡಿಸಲು ಚಿತ್ರ ಬರೆಯಬಲ್ಲ ಎಂಟು ಜನರನ್ನು ಎರಡು ದಿನ ಕಳಿಸಿ. ಚಿತ್ರ ಮಕ್ಕಳ ಕಣ್ಣಿನ ಮಟ್ಟದಲ್ಲಿ, ನೆಲದಿಂದ ಎರಡರಿಂದ ನಾಲ್ಕು ಅಡಿಯ ನಡುವೆ ಇರಲಿ. ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂದು 2016ರಲ್ಲೇ ಕೇಂದ್ರ ನಿಯಮ ಬಂದಿದೆ. ಡಬ್ಬಿಯ ಮೇಲೆ ಅದನ್ನು ಓದಿ ನೋಡಿಯೇ ಕೊಳ್ಳಿ. ಗೋಡೆಯ ಚಿತ್ರವನ್ನು ಪುಟ್ಟ ಮಕ್ಕಳು ಮುಟ್ಟುತ್ತಾರೆ, ಆ ಕೈ ಬಾಯಿಗೂ ಹೋಗುತ್ತದೆ.

ಮುಖ್ಯ ಶಿಕ್ಷಕರನ್ನೋ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನೋ ಬೇರೆಯಾಗಿ ಕೂರಿಸಿ, ಬ್ಯಾನರ್ ಇಲ್ಲದ ಹೊತ್ತಿನಲ್ಲಿ ಏನು ಬೇಕೆಂದು ಕೇಳಿದರೆ ಬಣ್ಣದ ಹೆಸರು ಮೊದಲಿಗೆ ಬರುವುದು ಅಪರೂಪ. ಶೌಚಾಲಯ ತೊಳೆಯುವವರಿಗೆ ತಿಂಗಳ ಕೂಲಿ, ಸುಟ್ಟುಹೋದ ಮೋಟಾರಿನ ರಿಪೇರಿ, ಟ್ಯಾಂಕಿನಿಂದ ನಲ್ಲಿಯವರೆಗೆ ಪೈಪು, ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನ ಚಿಲಕ. ಫೋಟೊದಲ್ಲಿ ಚೆನ್ನಾಗಿ ಕಾಣುವ ಸಂಗತಿಗಳಲ್ಲ ಇವು. ಚಿಲಕ ಇಲ್ಲದ ಕಾರಣಕ್ಕೆ ಹುಡುಗಿಯೊಬ್ಬಳು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಾಳೆ ಎಂದರೆ, ಆ ಶಾಲೆಯ ಮೊದಲ ಕೆಲಸ ಆ ಚಿಲಕ.

ಗಿಡ ನೆಡುವುದರಲ್ಲಿ ನೀರಿನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಜೂನ್ 5ರ ಪರಿಸರ ದಿನಕ್ಕೆ 500 ಸಸಿ ನೆಟ್ಟಿರೆಂದು ಇಟ್ಟುಕೊಳ್ಳೋಣ. ಮಳೆಗಾಲ ದಾಟುತ್ತದೆ. ಡಿಸೆಂಬರಿನಿಂದ ಮೇ ಕೊನೆಯವರೆಗೆ ಒಂದು ಸಸಿಗೆ ವಾರಕ್ಕೆ ಎರಡು ಸಲ, ಸಲಕ್ಕೆ 15 ಲೀಟರಿನಂತೆ ನೀರು ಬೇಕು. ವಾರಕ್ಕೆ 15,000 ಲೀಟರ್, 26 ವಾರಕ್ಕೆ 3,90,000 ಲೀಟರ್. ಅಂದರೆ 6,000 ಲೀಟರಿನ ಟ್ಯಾಂಕರ್ 65 ಲೋಡು, ಅದೂ ಒಂದು ವರ್ಷಕ್ಕೆ. ಕನಿಷ್ಠ ಎರಡು ಬೇಸಿಗೆ ಹೀಗೆ ದಾಟಿಸಬೇಕು. ಈ 130 ಲೋಡು ನೀರಿಗೂ ಹಾಕುವ ಆಳಿಗೂ ಒಪ್ಪಂದದಲ್ಲಿ ದುಡ್ಡು ಇಟ್ಟಿಲ್ಲವೆಂದರೆ 500 ಬಿಟ್ಟು 60 ನೆಡಿ, ಅರವತ್ತನ್ನೂ ಉಳಿಸಬಹುದು. ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ಇರಲಿ. ನೆಡುವ ಒಂದೆರಡು ವಾರ ಮೊದಲೇ ತೋಡಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿಡಿ. ನಡುವೆ ಮಳೆ ಒಂದೆರಡು ಸಲ ಹದವಾಗಿ ಬಿದ್ದಿರಬೇಕು. ದೊಡ್ಡ ಗುಂಪಿನಲ್ಲಿ ಪದೇ ಪದೇ ಆಗುವ ತಪ್ಪೆಂದರೆ ಸಸಿಯನ್ನು ಪ್ಲಾಸ್ಟಿಕ್ ಚೀಲದ ಸಮೇತ ಹೂಳುವುದು. ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಬೇರು ಚೀಲದೊಳಗೇ ಸುತ್ತಿಕೊಂಡು ಸಸಿ ಎರಡನೇ ವರ್ಷದಲ್ಲಿ ಒಣಗುತ್ತದೆ. ಎಷ್ಟು ಸಸಿಯೋ ಅಷ್ಟು ಖಾಲಿ ಚೀಲ ಎಣಿಸಿ ವಾಪಸು ತೆಗೆದುಕೊಳ್ಳಿ, ಈ ತಪ್ಪು ಅಲ್ಲಿಗೇ ನಿಲ್ಲುತ್ತದೆ. ಹೊಂಗೆ, ಬೇವು, ನೇರಳೆ, ಕೆರೆಯಂಚಿಗೆ ಹೊಳೆಮತ್ತಿ ಇವು ನಮ್ಮ ನೆಲಕ್ಕೆ ಒಗ್ಗಿದವು. ವಿದ್ಯುತ್ ತಂತಿಯ ಕೆಳಗೆ ಎತ್ತರಕ್ಕೆ ಹೋಗುವ ಮರ ಬೇಡ, ಐದು ವರ್ಷದಲ್ಲಿ ಕೊಡಲಿ ಬೀಳುತ್ತದೆ.

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ನೋಡಿಕೊಳ್ಳಲು ಅಕ್ಕಪಕ್ಕದ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡರು. ಕೆರೆಗೆ ಬೇಕಾದ ಸ್ವಯಂಸೇವೆ ಎಂದರೆ ಆ ಬಗೆಯದು. ನೀರಿಗೆ ಏನು ಸೇರುತ್ತಿದೆ, ಕಳೆ ಎಲ್ಲಿ ಹಬ್ಬಿದೆ ಎಂದು ಅದೇ ಜನ ಬಿಡದೆ ವರ್ಷಗಟ್ಟಲೆ ನೋಡುವುದು. ನಿಮ್ಮ ಕಚೇರಿಯ ಹತ್ತಿರ ಇಂಥ ಗುಂಪು ಇದ್ದರೆ ಹೊಸ ಕಾರ್ಯಕ್ರಮ ಹುಟ್ಟುಹಾಕುವ ಬದಲು ಅವರ ಕೈಕೆಳಗೆ ಕೆಲಸ ಮಾಡಿ.

ರಕ್ತದಾನದ ವಿಷಯ ಸುಲಭ, ಎಣಿಕೆ ಒಂದು ಸರಿ ಮಾಡಿದರೆ ಸಾಕು. ಪ್ಲೇಟ್‌ಲೆಟ್ ಐದೇ ದಿನ ಇಡಬಹುದು. ಕೆಂಪು ರಕ್ತಕಣ, ಸೇರಿಸುವ ದ್ರಾವಣ ನೋಡಿಕೊಂಡು, 35ರಿಂದ 42 ದಿನ. ಕಂಪನಿಯ ಹುಟ್ಟುಹಬ್ಬಕ್ಕೆ 260 ಜನ ಒಂದೇ ದಿನ ಕೊಟ್ಟರೆ ಆ ದಿನದ ಪ್ಲೇಟ್‌ಲೆಟ್ ಅಷ್ಟೂ ಐದು ದಿನದೊಳಗೆ ಬಳಕೆಯಾಗಬೇಕು. ಆಮೇಲೆ ಮೂರು ತಿಂಗಳು ಆ 260 ಜನರಲ್ಲಿ ಒಬ್ಬರೂ ಮತ್ತೆ ಕೊಡುವ ಹಾಗಿಲ್ಲ. ಅದೇ 260 ಜನರನ್ನು ಇಪ್ಪತ್ತರ 13 ಗುಂಪು ಮಾಡಿ ವಾರಕ್ಕೊಂದು ಗುಂಪನ್ನು ರಕ್ತನಿಧಿಗೆ ಕಳಿಸಿ. 13 ವಾರ ಎಂದರೆ 91 ದಿನ. ಹದಿಮೂರನೆಯ ಗುಂಪು ಮುಗಿದ ಮರುವಾರ ಮೊದಲ ಗುಂಪಿನ ಸರದಿ ಮತ್ತೆ ಬರುವಾಗ ಅದರ ಗಂಡಸರಿಗೆ 90 ದಿನ ತುಂಬಿರುತ್ತದೆ. ಹೆಂಗಸರಿಗೆ 120 ದಿನದ ಅಂತರ ಬೇಕು, ಅವರಿಗೆ 18 ವಾರದ ಬೇರೆ ಸುತ್ತು ಮಾಡಿ. ಕಾಲೇಜುಗಳಿಗೆ ರಜೆ ಬಿದ್ದು ಶಿಬಿರಗಳು ನಿಲ್ಲುವ ಏಪ್ರಿಲ್ ಮೇ ತಿಂಗಳಲ್ಲೂ, ಡೆಂಗಿ ಏರುವ ಮಳೆಗಾಲದಲ್ಲೂ ಈ ಸುತ್ತು ತಪ್ಪದಂತೆ ನೋಡಿಕೊಳ್ಳಿ.

ತಲೆಬರಹದ ಮಂಗಳವಾರದ ಮಾತಿಗೆ ಬರುತ್ತೇವೆ. ಕಣ್ಣು ಕಾಣದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಸ್ಕ್ರೈಬ್, ಅಂದರೆ ಪ್ರಶ್ನೆ ಓದಿ ಹೇಳಿ ಉತ್ತರ ಬರೆದುಕೊಡುವವರು, ಬೇಕು. ಪರೀಕ್ಷೆ ಇರುವುದು ವಾರದ ನಡುವಿನ ದಿನ, ಬೆಳಿಗ್ಗೆ. ನಿಮ್ಮವರಿಗೆ ಬಿಡುವಿರುವುದು ಶನಿವಾರ. ಬೆಂಗಳೂರಿನಲ್ಲಿ ಸಮರ್ಥನಂ, ಮಿತ್ರಜ್ಯೋತಿಯಂಥ ಸಂಸ್ಥೆಗಳು ಈ ವಿದ್ಯಾರ್ಥಿಗಳ ಜೊತೆ ವರ್ಷಗಳಿಂದ ಕೆಲಸ ಮಾಡುತ್ತಿವೆ. ಇಂಥ ಕೆಲಸ ಯಾರಿಗೇ ಮಾಡುವುದಿದ್ದರೂ ಗೊತ್ತಿರಬೇಕಾದ ಸಂಗತಿಗಳು ಕೆಲವು. ಕೇಂದ್ರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಕಾಲ ಕೊಡಬೇಕೆನ್ನುತ್ತದೆ. ಮೂರು ಗಂಟೆಯ ಪರೀಕ್ಷೆ ಹಾಗೆ ನಾಲ್ಕು ಗಂಟೆಯಾಗುತ್ತದೆ. ಮುಕ್ಕಾಲು ಗಂಟೆ ಮುಂಚೆ ಹೋಗಬೇಕು, ಗುರುತಿನ ಚೀಟಿ ತೋರಿಸಿ ಸಹಿ ಹಾಕಬೇಕು, ಟ್ರಾಫಿಕ್ ದಾಟಿ ವಾಪಸು ಬರಬೇಕು. ಒಟ್ಟಿನಲ್ಲಿ ಅರ್ಧ ದಿನದ ರಜೆ ಸಾಲದು, ಇಡೀ ದಿನ ಬಿಡಿ. ಯಾರು ಬರೆಯಬಹುದು ಎಂಬ ನಿಯಮ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆಯಾಗುತ್ತದೆ. ಎಷ್ಟೋ ಕಡೆ ಸ್ಕ್ರೈಬ್‌ನ ಓದು ಅಭ್ಯರ್ಥಿಯ ಓದಿಗಿಂತ ಕೆಳಗಿರಬೇಕು. ಬಿ.ಇ. ಮುಗಿಸಿದ ಉದ್ಯೋಗಿ ಬಿ.ಎ. ಪರೀಕ್ಷೆಗೆ ನಡೆಯದೇ ಹೋಗಬಹುದು. ಹೆಸರು ಕೊಡುವ ಮೊದಲೇ ಇದನ್ನು ಸಂಸ್ಥೆಯ ಹತ್ತಿರ ಕೇಳಿಕೊಳ್ಳಿ. ಒಪ್ಪಿಕೊಂಡವರು ಕೊನೇ ಗಳಿಗೆಯಲ್ಲಿ ಮೀಟಿಂಗ್ ಬಂತೆಂದು ಕೈ ಎತ್ತಿದರೆ ಆ ವಿದ್ಯಾರ್ಥಿಗೆ ಒಂದು ವಿಷಯವೇ ಹೋಗುತ್ತದೆ. ಆದ್ದರಿಂದ ಪ್ರತಿ ಪರೀಕ್ಷೆಗೂ ಇಬ್ಬರ ಹೆಸರು ಕೊಡಿ, ಇಬ್ಬರಿಗೂ ಆ ದಿನದ ರಜೆಯನ್ನು ಮ್ಯಾನೇಜರ್ ಬರವಣಿಗೆಯಲ್ಲೇ ಒಪ್ಪಿರಲಿ. ಒಳ್ಳೆಯ ಸ್ಕ್ರೈಬ್ ಪ್ರಶ್ನೆಯನ್ನು ಇದ್ದ ಹಾಗೆ ಎರಡು ಸಲ ಓದುತ್ತಾರೆ, ಅರ್ಥ ಬಿಡಿಸುವುದಿಲ್ಲ. ಹೇಳಿದ್ದನ್ನಷ್ಟೇ ಬರೆಯುತ್ತಾರೆ, ತಿದ್ದುವುದಿಲ್ಲ. ಪುಟ ಮುಗಿದಾಗ ಎಲ್ಲಿದ್ದೇವೆಂದು ಓದಿ ಹೇಳುತ್ತಾರೆ, ಅರ್ಧ ಗಂಟೆಗೊಮ್ಮೆ ಸಮಯ ತಿಳಿಸುತ್ತಾರೆ. ಎರಡು ಗಂಟೆಯ ತರಬೇತಿ, ಹಳೆಯ ಪ್ರಶ್ನೆಪತ್ರಿಕೆಯ ಮೇಲೆ ಅದೇ ವಿದ್ಯಾರ್ಥಿಯ ಜೊತೆ ಒಂದು ಸಲ ಅಭ್ಯಾಸ. ಇಷ್ಟಿದ್ದರೆ ಪರೀಕ್ಷೆಯ ದಿನ ಗಾಬರಿ ಇರುವುದಿಲ್ಲ.

ಇಲ್ಲಿ ನಿಜವಾದ ಅಭಾವ ಕನ್ನಡದ್ದು. ಕನ್ನಡವನ್ನು ತಡವರಿಸದೆ ಓದಿ, ಹೇಳಿದ ವೇಗದಲ್ಲಿ ತಪ್ಪಿಲ್ಲದೆ ಬರೆಯಬಲ್ಲವರು ಸಿಕ್ಕುವುದೇ ಕಷ್ಟ. ನಿಮ್ಮ ಕಂಪನಿಯಲ್ಲಿ ಹಾಸನದಿಂದ, ಗದಗದಿಂದ, ಶಿವಮೊಗ್ಗದಿಂದ ಬಂದು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು ಬೇಕಾದಷ್ಟು ಜನ ಇದ್ದಾರೆ. ನೋಂದಣಿ ಫಾರಂನಲ್ಲಿ ಟೀ ಶರ್ಟಿನ ಅಳತೆ ಕೇಳುವ ಜಾಗದಲ್ಲಿ ‘ಕನ್ನಡ ಓದಲು, ಬರೆಯಲು ಬರುತ್ತದೆಯೇ’ ಎಂದು ಒಂದು ಸಾಲು ಸೇರಿಸಿ.

ಸ್ಕ್ರೈಬ್ ಆಗಲು ನಿಯಮ ಅಡ್ಡ ಬಂದವರಿಗೂ, ಬೆಂಗಳೂರಲ್ಲೇ ಇಲ್ಲದವರಿಗೂ, ಸಿಂಗಪುರ ಅಮೆರಿಕದಲ್ಲಿ ಕೂತ ಕನ್ನಡಿಗರಿಗೂ ವರ್ಷವಿಡೀ ಮಾಡಬಹುದಾದ ಕೆಲಸ ಇನ್ನೊಂದಿದೆ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡ ಕಡತಗಳು ರಾಶಿ ಬಿದ್ದಿವೆ. ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕಣ್ಣು ಕಾಣದವರಿಗೆ ತೆರೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಓದಿದರೆ ಕೇಳುವವರಿಗೆ ಗೊಂದಲದ ಶಬ್ದ ಮಾತ್ರ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳಲ್ಲಿ ಎಡವುತ್ತವೆ. ಸ್ಕ್ಯಾನ್ ಮಾಡಿದ ಪುಸ್ತಕವನ್ನು ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್‌ಗೆ ಕೊಟ್ಟರೆ ಬ ಮತ್ತು ಒ, ಪ ಮತ್ತು ಷ ಅದಲುಬದಲಾಗುತ್ತವೆ. ಕಣ್ಣಿಟ್ಟು ತಿದ್ದಲು ಗಂಟೆಗೆ ಎಂಟು ಹತ್ತು ಪುಟ ಹಿಡಿಯಬಹುದು. ಒಬ್ಬರು ತಿದ್ದಿ, ಇನ್ನೊಬ್ಬರು ಮೂಲಕ್ಕೆ ಹೋಲಿಸಿ ನೋಡಬೇಕು. ವಾರಕ್ಕೆ ಎರಡು ಗಂಟೆಯಂತೆ ಹತ್ತು ಜನ ಕೂತರೆ, ಎರಡನೆಯ ಓದನ್ನೂ ಸೇರಿಸಿ, 200 ಪುಟದ ಒಂದು ಪಠ್ಯ ಮೂರು ವಾರದಲ್ಲಿ ಕೈಗೆ ಬರುತ್ತದೆ. ಯಾವ ಪುಸ್ತಕ ಮೊದಲು ಬೇಕೆಂಬುದನ್ನು ಓದುವ ವಿದ್ಯಾರ್ಥಿಗಳನ್ನೇ ಕೇಳಿ.

ತರಗತಿಗೆ ಬಂದು ಓದಿಸುವವರಿಗೂ ಒಂದು ಮಾತು. ಒಂದರಿಂದ ಮೂರನೇ ತರಗತಿಯ ಮಕ್ಕಳು ನಲಿ ಕಲಿ ಪದ್ಧತಿಯಲ್ಲಿ ಒಟ್ಟಿಗೆ ಕೂತು ಗುಂಪು ಗುಂಪಾಗಿ ಕಲಿಯುತ್ತಾರೆ. ಒಂದೊಂದು ಮಗು ಕಲಿಕೆಯ ಏಣಿಯ ಒಂದೊಂದು ಮೆಟ್ಟಿಲಲ್ಲಿರುತ್ತದೆ. ಹೊರಗಿನವರು ತಮ್ಮದೇ ವರ್ಕ್‌ಶೀಟ್ ತಂದು ಎಲ್ಲರಿಗೂ ಹಂಚಿದರೆ ಮಗುವಿನ ಮೆಟ್ಟಿಲು ತಪ್ಪುತ್ತದೆ. ಟೀಚರ್ ಹೇಳಿದ ಐದು ಮಕ್ಕಳು, ಟೀಚರ್ ಕೊಟ್ಟ ಪುಸ್ತಕ, 40 ನಿಮಿಷ, ಪ್ರತಿ ವಾರ ಅದೇ ದಿನ, ಅದೇ ಅಕ್ಕ ಅಥವಾ ಅಣ್ಣ, ಕಡಿಮೆಯೆಂದರೆ 12 ವಾರ. ಇದಕ್ಕಿಂತ ಕಡಿಮೆಯಾದರೆ ಮಕ್ಕಳ ಹೆಸರು ಗೊತ್ತಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಮತ್ತೆ ಬರುತ್ತೇನೆಂದು ಹೇಳಿ ಬಾರದವರನ್ನು ಮಕ್ಕಳು ತಿಂಗಳುಗಟ್ಟಲೆ ಕೇಳುತ್ತಾರೆ, ಉತ್ತರ ಹೇಳಬೇಕಾದವರು ಟೀಚರ್. ಶಾಲೆಯೊಳಗೆ ಕೆಲಸ ಮಾಡಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಒಪ್ಪಿಗೆ ಬರಹದಲ್ಲಿ ಬೇಕು, ಅದಕ್ಕೆ ಎರಡು ಮೂರು ವಾರ ಇಟ್ಟುಕೊಳ್ಳಿ.

ಮಕ್ಕಳ ಸುರಕ್ಷತೆಯಲ್ಲಿ ರಿಯಾಯಿತಿ ಇಲ್ಲ. ಯಾವ ಸ್ವಯಂಸೇವಕರೂ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಮಕ್ಕಳ ಫೋನ್ ನಂಬರ್ ತೆಗೆದುಕೊಳ್ಳಬಾರದು, ಬೇರೆಯಾಗಿ ಉಡುಗೊರೆ ಕೊಡಬಾರದು. ಪಾಲನಾ ಸಂಸ್ಥೆಯಲ್ಲಿರುವ ಮಗುವಿನ ಗುರುತು ಸಿಗುವಂಥ ಫೋಟೊ ಪ್ರಕಟಿಸುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಪರಾಧ. ಲಿಂಕ್ಡ್‌ಇನ್‌ಗೆ ಹಾಕುವ ಸೆಲ್ಫಿಯೂ ಪ್ರಕಟಣೆಯೇ. ಶಾಲೆಯ ಮಕ್ಕಳದ್ದಾದರೂ ಪೋಷಕರ ಒಪ್ಪಿಗೆ ಇಲ್ಲದೆ ಬೇಡ. ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ ಕಾಯ್ದೆ ಹೇಳುತ್ತದೆ, ಸ್ವಯಂಸೇವಕರೂ ಅದರೊಳಗೆ ಬರುತ್ತಾರೆ. ಮಕ್ಕಳ ಸಹಾಯವಾಣಿ 1098. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳವಿಲ್ಲದೆ ದುಡಿಯುವವರನ್ನೂ ಉದ್ಯೋಗಿ ಎಂದೇ ಎಣಿಸುತ್ತದೆ. ಹಾಗಾಗಿ ನಿಮ್ಮವರು ನಮ್ಮಲ್ಲಿಗೆ ಬಂದಾಗ ಅವರ ರಕ್ಷಣೆಯೂ ನಮ್ಮ ಹೊಣೆ. ಈ ಸಂಗತಿಗಳನ್ನು ಬಸ್ಸು ಹತ್ತುವ ಮೊದಲು ಅರ್ಧ ಗಂಟೆ ಹೇಳಿ, ಸಹಿ ಪಡೆಯಿರಿ.

ಈಗ ದುಡ್ಡು. ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇಲ್ಲೇ ಇರುವುದು, ಸರಿಪಡಿಸಲು ಕಾಯ್ದೆ ಬದಲಾಗಬೇಕಿಲ್ಲ.

ಸಿಎಸ್‌ಆರ್ ನಿಯಮಗಳಲ್ಲಿ ಆಡಳಿತ ವೆಚ್ಚಕ್ಕೆ 5 ಪ್ರತಿಶತದ ಮಿತಿ ಇದೆ. ಆ ಮಿತಿ ಇರುವುದು ಕಂಪನಿಯ ಒಳಗೆ ಸಿಎಸ್‌ಆರ್ ವಿಭಾಗ ನಡೆಸುವ ಸಾಮಾನ್ಯ ಖರ್ಚಿಗೆ. ಒಂದು ಯೋಜನೆಯನ್ನು ರೂಪಿಸಲು, ನಡೆಸಲು, ಮೇಲ್ವಿಚಾರಣೆಗೆ, ಮೌಲ್ಯಮಾಪನಕ್ಕೆ ನೇರವಾಗಿ ಆಗುವ ವೆಚ್ಚ ಅದರೊಳಗೆ ಬರುವುದಿಲ್ಲ ಎಂದು 2021ರ ತಿದ್ದುಪಡಿಯ ವ್ಯಾಖ್ಯೆಯಲ್ಲೇ ಇದೆ. ಹಾಗಿದ್ದೂ ನಮ್ಮ ಬಜೆಟ್ ನಿಮ್ಮ ಮೇಜಿಗೆ ಬಂದಾಗ ಕ್ಷೇತ್ರ ಕಾರ್ಯಕರ್ತೆಯ ಸಂಬಳ, ಅವರ ಬಸ್ ಚಾರ್ಜು, ಲೆಕ್ಕಿಗರ ಸಂಬಳ, ಆಡಿಟ್ ಫೀ ಎಲ್ಲವನ್ನೂ ‘ಅಡ್ಮಿನ್’ ಎಂಬ ಒಂದೇ ಸಾಲಿಗೆ ತಳ್ಳಿ 5 ಪ್ರತಿಶತಕ್ಕೆ ಇಳಿಸುತ್ತಾರೆ. ಓದಿಸುವ ಯೋಜನೆಯಲ್ಲಿ ಓದಿಸುವವರ ಸಂಬಳವೇ ಯೋಜನೆ. ಟ್ಯಾಬ್ ಕೊಡಲು ದುಡ್ಡಿದೆ, ಟ್ಯಾಬ್ ಹಿಡಿದು ಕಲಿಸುವವರಿಗೆ ಇಲ್ಲವೆಂದರೆ ಆ ಟ್ಯಾಬುಗಳು ಬೀರುವಿನಲ್ಲಿ ಚಾರ್ಜ್ ಇಳಿದು ಕೂರುತ್ತವೆ. ಮುಂದಿನ ಸಲ ಬಜೆಟ್ ನೋಡುವಾಗ ಮೂರು ಸಾಲು ಬೇರೆ ಮಾಡಿ: ಯೋಜನೆಯ ಜನ, ಯೋಜನೆಯ ಸಾಮಗ್ರಿ ಮತ್ತು ಓಡಾಟ, ಸಂಸ್ಥೆಯ ಸಾಮಾನ್ಯ ಖರ್ಚಿನಲ್ಲಿ ಈ ಯೋಜನೆಯ ಪಾಲು. ಮೂರನೆಯದಕ್ಕೂ ಸೊನ್ನೆ ಬರೆಯಬೇಡಿ. ಬಾಡಿಗೆ, ಕರೆಂಟು, ಆಡಿಟ್ ಇಲ್ಲದೆ ಯಾವ ಯೋಜನೆಯೂ ನಡೆಯುವುದಿಲ್ಲ.

ಕಂತಿನ ವಿಷಯವೂ ಅಷ್ಟೇ ಮುಖ್ಯ. ಸೆಪ್ಟೆಂಬರಿನಲ್ಲಿ ಒಪ್ಪಂದ, ನವೆಂಬರಿನಲ್ಲಿ ಮೊದಲ ಕಂತು, ಮಾರ್ಚ್ ಮಧ್ಯದೊಳಗೆ ಯುಟಿಲೈಸೇಷನ್ ಸರ್ಟಿಫಿಕೇಟ್ (ದುಡ್ಡು ಬಳಕೆಯಾದ ಪ್ರಮಾಣಪತ್ರ). ಹೀಗಾದರೆ ಹನ್ನೆರಡು ತಿಂಗಳ ಕೆಲಸ ನಾಲ್ಕೂವರೆ ತಿಂಗಳಿಗೆ ಇಳಿಯುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕಾರ್ಯಕರ್ತೆಯರಿಗೆ ಸಂಬಳ ಎಲ್ಲಿಂದ? ತರಬೇತಾದವರು ಬೇರೆ ಕೆಲಸ ಹುಡುಕಿ ಹೋಗುತ್ತಾರೆ. ನವೆಂಬರಿನಲ್ಲಿ ಹೊಸಬರನ್ನು ತೆಗೆದುಕೊಂಡು ಅ ಆ ಇ ಈಯಿಂದ ಶುರು. ಇದಕ್ಕೆ ಕಾಯ್ದೆಯಲ್ಲೇ ದಾರಿ ಇದೆ. ‘ಮುಂದುವರಿಯುವ ಯೋಜನೆ’ ಎಂದು ಆಡಳಿತ ಮಂಡಳಿ ಒಪ್ಪಿದರೆ, ಶುರುವಾದ ವರ್ಷ ಬಿಟ್ಟು ಮತ್ತೆ ಮೂರು ವರ್ಷ ನಡೆಸಬಹುದು. ಆ ವರ್ಷ ಉಳಿದ ದುಡ್ಡನ್ನು ಮಾರ್ಚ್ 31ರ ನಂತರ 30 ದಿನದೊಳಗೆ ‘ಖರ್ಚಾಗದ ಸಿಎಸ್‌ಆರ್ ಖಾತೆ’ಗೆ ಹಾಕಿದರೆ ಮೂರು ವರ್ಷದೊಳಗೆ ಅದೇ ಕೆಲಸಕ್ಕೆ ಬಳಸಬಹುದು. ಕಾಯ್ದೆ ಕೇಳುವುದಕ್ಕಿಂತ ಹೆಚ್ಚು ಖರ್ಚಾಗಿದ್ದರೆ ಮುಂದಿನ ಮೂರು ವರ್ಷದ ಲೆಕ್ಕಕ್ಕೆ ವಜಾ ಹಾಕಿಕೊಳ್ಳಲೂ ಅವಕಾಶವಿದೆ. ಮಾರ್ಚ್‌ನಲ್ಲಿ ಓಡಾಡಿ ದುಡ್ಡು ಮುಗಿಸುವ ಅಗತ್ಯವೇ ಇಲ್ಲ. ಈ ದಾರಿ ಹಿಡಿದು, ಮೊದಲ ಕಂತನ್ನು ಜೂನ್ ಒಳಗೆ ಬಿಡಿ.

ನಿಮ್ಮ ಉದ್ಯೋಗಿಗಳ ಗಂಟೆಗೆ ಬೆಲೆ ಕಟ್ಟಿ ಅದನ್ನು ಸಿಎಸ್‌ಆರ್ ಖರ್ಚೆಂದು ತೋರಿಸಲು ಬರುವುದಿಲ್ಲ ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಸ್ಪಷ್ಟಪಡಿಸಿದೆ. ಆದರೆ ಅವರನ್ನು ಸಂಭಾಳಿಸುವ ನಮ್ಮ ಗಂಟೆಗೆ ಖರ್ಚಿದೆ. 300 ಜನರ ಒಂದು ಶನಿವಾರಕ್ಕೆ ನಮ್ಮ ಕಡೆ ನಾಲ್ವರು ಹನ್ನೆರಡು ದಿನ ಓಡಾಡಿದರೆ 48 ಆಳುದಿನ. ಅಷ್ಟು ದಿನ ಹಳ್ಳಿಯ ಕೆಲಸ ನಿಂತಿರುತ್ತದೆ. ಸ್ವಯಂಸೇವಕರ ಮೇಲ್ವಿಚಾರಣೆಗೆ ಒಬ್ಬ ಸಂಯೋಜಕರ ವರ್ಷದ ಸಂಬಳ ಕೊಡಿ, ಆ ಒಬ್ಬರಿಂದ ನಿಮ್ಮ 50 ಜನ ವರ್ಷವಿಡೀ ಸರಿಯಾದ ಜಾಗದಲ್ಲಿ ಕೆಲಸ ಮಾಡುತ್ತಾರೆ.

2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಆ ದುಡ್ಡಿನಲ್ಲಿ ಆಡಳಿತಕ್ಕೆ ಬಳಸುವ ಮಿತಿ 50ರಿಂದ 20 ಪ್ರತಿಶತಕ್ಕೆ ಇಳಿಯಿತು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ಕೊಡುವುದೂ ನಿಂತಿತು. ದೊಡ್ಡ ಸಂಸ್ಥೆಗಳ ಮೂಲಕ ಜಿಲ್ಲೆಗಳ ಸಣ್ಣ ಸಂಸ್ಥೆಗಳಿಗೆ ಹರಿಯುತ್ತಿದ್ದ ದುಡ್ಡಿನ ಒಂದು ಕಾಲುವೆ ಹಾಗೆ ಒಣಗಿತು. ಅವು ಈಗ ಇಲ್ಲಿಯ ದುಡ್ಡನ್ನೇ ನೆಚ್ಚಿವೆ. ರಾಯಚೂರು, ಯಾದಗಿರಿ ಎರಡೂ ನೀತಿ ಆಯೋಗದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ, ಅಂದರೆ ಹಿಂದುಳಿದವೆಂದು ಆರಿಸಿದ ಜಿಲ್ಲೆಗಳ, ಪಟ್ಟಿಯಲ್ಲಿವೆ. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಎಂಬ ಮಾತು ಕಾಯ್ದೆಯಲ್ಲಿದ್ದರೂ ಅದು ಕಚೇರಿಯ ಸುತ್ತ ಮಾತ್ರ ಖರ್ಚು ಮಾಡಿ ಎಂಬ ಕಟ್ಟಳೆಯಲ್ಲ. ಅಲ್ಲಿಗೆ ಬಸ್ಸಿನಲ್ಲಿ ಜನ ಕಳಿಸಲಾಗದು ನಿಜ. ಲೆಕ್ಕ ಬಲ್ಲವರ ಎರಡು ತಾಸು ಕಳಿಸಬಹುದು. ಅಲ್ಲಿಯ ಐದಾರು ಜನರ ಸಂಸ್ಥೆಯಲ್ಲಿ ಹಳ್ಳಿ ತಿರುಗುವವರೇ ರಾತ್ರಿ ಕೂತು ರಸೀದಿ ಜೋಡಿಸುತ್ತಾರೆ. ದಾನಿಗಳ ವಿವರಪಟ್ಟಿಯನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಕೊಡದಿದ್ದರೆ ದಿನಕ್ಕೆ 200 ರೂಪಾಯಿ ಬೀಳುತ್ತದೆ. ಪಾನ್ ಸಂಖ್ಯೆಯ ಒಂದು ಅಕ್ಷರ ತಪ್ಪಿದರೂ ದಾನಿಗೆ ವಿನಾಯಿತಿ ತಪ್ಪುತ್ತದೆ. ನಿಮ್ಮ ಹಣಕಾಸು ವಿಭಾಗದ ಒಬ್ಬರು ತಿಂಗಳಿಗೊಮ್ಮೆ ವಿಡಿಯೊ ಕರೆಯಲ್ಲಿ ಕೂತು ಬ್ಯಾಂಕ್ ಪುಸ್ತಕಕ್ಕೂ ಲೆಕ್ಕಕ್ಕೂ ತಾಳೆ ನೋಡಿಕೊಟ್ಟರೆ ಆ ಸಂಸ್ಥೆಗೆ ಅದು ಗೋಡೆಯ ಬಣ್ಣಕ್ಕಿಂತ ಎಷ್ಟೋ ದೊಡ್ಡ ಉಪಕಾರ. ಆ್ಯಪ್, ವೆಬ್‌ಸೈಟ್ ಮಾಡಿಕೊಡುವವರಿಗೆ ಮಾತ್ರ ಒಂದು ಷರತ್ತು: ಡೊಮೈನ್ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇಮೇಲ್‌ನಲ್ಲಿ ಇರಲಿ. ಪಾಸ್‌ವರ್ಡ್ ಮತ್ತು ನವೀಕರಣದ ದಿನಾಂಕ ಕಾಗದದ ಮೇಲೆ ಬರೆದು ಕೊಡಿ. ಮಾಡಿಕೊಟ್ಟವರು ಕಂಪನಿ ಬದಲಿಸಿದ ದಿನವೇ ಬೀಗದ ಕೈ ಕಳೆದುಹೋಗುವಂತೆ ಆಗಬಾರದು.

ನಮ್ಮ ಕಡೆಯಿಂದ ಆಗಬೇಕಾದದ್ದೂ ಇದೆ. ಬೇಡದ ಕೆಲಸಕ್ಕೆ ಸಂಕೋಚದಿಂದ ಹ್ಞೂ ಎನ್ನುವುದನ್ನು ನಾವು ನಿಲ್ಲಿಸುತ್ತೇವೆ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಜನ, ಯಾವ ಭಾಷೆ, ಯಾವ ಕೌಶಲ ಎಂದು ಒಂದು ಪುಟದಲ್ಲಿ ಬರೆದು ಪ್ರತಿ ಏಪ್ರಿಲ್‌ನಲ್ಲಿ ಕೊಡುತ್ತೇವೆ. ಬಂದವರಿಗೆ ಮೊದಲ ದಿನವೇ ಕೆಲಸ ತೋರಿಸಲು ಒಬ್ಬರನ್ನು ಗೊತ್ತುಮಾಡುತ್ತೇವೆ. ಕೆಲಸ ಕೆಟ್ಟರೆ ಕೆಟ್ಟಿತೆಂದೇ ವರದಿಯಲ್ಲಿ ಬರೆಯುತ್ತೇವೆ, ನೀವು ಅದಕ್ಕಾಗಿ ಮುಂದಿನ ಕಂತು ತಡೆಯದಿದ್ದರೆ.

ಈ ವರ್ಷ ನಿಮ್ಮಿಂದ ಕೇಳುವುದು ಇಷ್ಟು. ವಾರದ ದಿನಗಳಲ್ಲಿ ಸ್ವಯಂಸೇವೆಯ ರಜೆ ತೆಗೆದುಕೊಳ್ಳಲು ಅವಕಾಶ ಕೊಡಿ, ಒಂದು ರಜೆಯನ್ನು ಎರಡೆರಡು ಗಂಟೆಯಂತೆ ಬಿಡಿಸಿ ಬಳಸಲೂ ಬರಲಿ. ಎಷ್ಟು ಜನ ಬಂದರು ಎನ್ನುವುದರ ಪಕ್ಕದಲ್ಲೇ, ಹನ್ನೆರಡು ವಾರ ತಪ್ಪದೆ ಬಂದವರು ಎಷ್ಟು ಎಂಬ ಒಂದು ಕಾಲಮನ್ನು ನಿಮ್ಮ ವರದಿಗೆ ಸೇರಿಸಿ. ಜೂನ್ ತಿಂಗಳ ಸಭೆಗೆ ಒಂದು ಸಣ್ಣ ಸಂಸ್ಥೆಯವರನ್ನಾದರೂ ಕರೆದು, ಪಿಪಿಟಿ ಬದಿಗಿಟ್ಟು, ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಲು ಬಿಡಿ.

ಇಂತಿ,
ಶಾಲೆ, ಕೆರೆ, ಅಂಗವಿಕಲರ ಶಿಕ್ಷಣದಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆಗಳ ಕಾರ್ಯಕರ್ತರು